ಪದ ಪರಿಚಯ: ಮರಿಗಳ ಲಿಂಗಾನುಪಾತ

ಲಿಂಗಾನುಪಾತ ಎಂಬ ಪದ ನಮಗೆ ಪರಿಚಯವಾದದ್ದು ಜನಗಣತಿಯಿಂದ. 2011ರ ಗಣತಿಯ ಪ್ರಕಾರ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರಿದ್ದರು. ಇದನ್ನು ಓದಿ ಉಡುಪಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಹುಟ್ಟುತ್ತಾರೆ ಎಂದುಕೊಂಡರೆ ತಪ್ಪಾಗುತ್ತದೆ. ಮುಂಬೈಗೂ ಗಲ್ಫ್ ದೇಶಗಳಿಗೂ ದುಡಿಯಲು ಹೋದ ಗಂಡಸರು ಆ ಲೆಕ್ಕದಲ್ಲಿ ಇಲ್ಲ. ಅದೇ ಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳನ್ನಷ್ಟೇ ನೋಡಿದರೆ ಹೆಣ್ಣುಗಳ ಸಂಖ್ಯೆ ಸಾವಿರಕ್ಕಿಂತ ಕಡಿಮೆಯೇ ಇತ್ತು. ಜೀವವಿಕಾಸದ ಚರ್ಚೆಯಲ್ಲಿ 'ಮರಿಗಳ ಲಿಂಗಾನುಪಾತ' ಎಂದರೆ ಬದುಕಿ ಉಳಿದವರ ಲೆಕ್ಕವಲ್ಲ, ತಾಯಿಯಿಂದ ಹೊರಬರುವ ಹೊತ್ತಿನಲ್ಲಿ ಗಂಡೆಷ್ಟು, ಹೆಣ್ಣೆಷ್ಟು ಎಂಬ ಲೆಕ್ಕ.

ನಮ್ಮ ಕಡೆಯ ಹಟ್ಟಿಯಲ್ಲಿ ದನ ಕರು ಹಾಕಿದಾಗ ಮನೆಯವರು ಮೊದಲು ಕೇಳುವುದು ಹೆಣ್ಣೋ ಗಂಡೋ ಎಂದು. ಗಂಡಾದರೆ ಮುಖ ಸಣ್ಣದಾಗುತ್ತದೆ. ಹಿಂದೆ ಊರಿಗೊಂದು ಹೋರಿ ಸಾಕಾಗುತ್ತಿತ್ತು. ಹಾಗಿದ್ದರೂ ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ ಏಕೆ? ಈ ಪ್ರಶ್ನೆ ಡಾರ್ವಿನ್ನನನ್ನೂ ಕಾಡಿತ್ತು. 1871ರಲ್ಲಿ ಒಂದು ವಿವರಣೆಯನ್ನು ಕೊಟ್ಟ ಅವನು ಮುಂದಿನ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು, ಉತ್ತರವನ್ನು ಮುಂದಿನವರಿಗೆ ಬಿಟ್ಟ. 1930ರಲ್ಲಿ ಬ್ರಿಟನ್ನಿನ ತಳಿವಿಜ್ಞಾನಿ ರೊನಾಲ್ಡ್ ಫಿಶರ್ ಹೇಳಿದ ಉತ್ತರವೇ ಇಂದಿಗೂ ಈ ವಿಷಯದ ಬುನಾದಿ.

ಪ್ರತಿ ಕರುವಿಗೂ ಒಬ್ಬಳೇ ತಾಯಿ, ಒಬ್ಬನೇ ತಂದೆ. ಆದ್ದರಿಂದ ಒಂದು ತಲೆಮಾರಿನ ಎಲ್ಲ ಗಂಡುಗಳಿಗೆ ಸೇರಿ ಹುಟ್ಟುವ ಕರುಗಳು ಎಷ್ಟೋ, ಎಲ್ಲ ಹೆಣ್ಣುಗಳಿಗೆ ಸೇರಿ ಹುಟ್ಟುವವೂ ಅಷ್ಟೇ. ಗಂಡು ವಿರಳವಾದರೆ ಒಂದೊಂದು ಗಂಡಿನ ಪಾಲಿಗೆ ಸರಾಸರಿಯಲ್ಲಿ ಹೆಚ್ಚು ಕರುಗಳು ಬರುತ್ತವೆ, ಆಗ ಗಂಡುಕರು ಹಾಕುವ ತಾಯಿಗೆ ಮೊಮ್ಮಕ್ಕಳು ಹೆಚ್ಚು. ಹೆಣ್ಣು ವಿರಳವಾದರೆ ಲಾಭ ಹೆಣ್ಣು ಹೆತ್ತವಳದು. ಹೀಗೆ ಯಾವ ಕಡೆ ವಾಲಿದರೂ ತಕ್ಕಡಿ ಮತ್ತೆ ಸಮಕ್ಕೆ ಬರುತ್ತದೆ. ಹಿಂಡಿಗೆ ಯಾವುದು ಒಳ್ಳೆಯದು ಎಂಬುದು ಇಲ್ಲಿ ಬರುವುದೇ ಇಲ್ಲ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇನ್ನೊಂದು ಮಾತು: ಫಿಶರ್ ಹೇಳಿದ ಸಮತೆ ತಲೆಯೆಣಿಕೆಯದಲ್ಲ, ತಾಯಿ-ತಂದೆ ಮಾಡುವ ವೆಚ್ಚದ್ದು. ಮರಿ ಹಾಕಿಯೂ ಹಾಲೂಡಿಸದ ಪ್ರಾಣಿಗಳಲ್ಲಿ ಈ ವೆಚ್ಚದ ದೊಡ್ಡ ಪಾಲು ಬಸಿರಲ್ಲೇ ಆಗಿಹೋಗುತ್ತದೆ; ದನದಂತೆ ಹಾಲೂಡಿಸುವವುಗಳಲ್ಲಿ ಬಸಿರಿಗಿಂತ ಹಾಲಿನ ವೆಚ್ಚವೇ ಹೆಚ್ಚು.

ಈ ವಾದ ಸಲ್ಲುವುದು ಗಂಡುಗಳು ಎಲ್ಲೆಡೆಯ ಹೆಣ್ಣುಗಳಿಗಾಗಿ ಸ್ಪರ್ಧಿಸುವಲ್ಲಿ ಮಾತ್ರ. ತೆಂಗಿನಕಾಯಿಗೆ ತಗಲುವ ನುಸಿಯ ದೂರದ ಸಂಬಂಧಿಯೊಂದಿದೆ. ಅದರ ಮರಿಗಳು ತಾಯಿಯ ಹೊಟ್ಟೆಯೊಳಗೇ ಬೆಳೆಯುತ್ತವೆ. ಆರರಿಂದ ಒಂಬತ್ತು ಮರಿಗಳಲ್ಲಿ ಗಂಡು ಒಂದೇ. ಅದು ಅಲ್ಲಿಯೇ ತನ್ನ ಅಕ್ಕತಂಗಿಯರನ್ನು ಕೂಡುತ್ತದೆ, ಆಮೇಲೆ ಹೆಣ್ಣುಗಳು ತಾಯಿಯನ್ನೇ ತಿಂದು ಹೊರಬರುತ್ತವೆ. ಎರಡನೆಯ ಗಂಡು ಹುಟ್ಟಿದ್ದರೆ ಅಣ್ಣನೊಡನೆ ಪೈಪೋಟಿಗಿಳಿಯುತ್ತಿತ್ತೇ ಹೊರತು ತಾಯಿಗೆ ಒಂದು ಮೊಮ್ಮಗುವನ್ನೂ ಹೆಚ್ಚಿಸುತ್ತಿರಲಿಲ್ಲ. 1967ರಲ್ಲಿ ಜೀವವಿಜ್ಞಾನಿ ಹ್ಯಾಮಿಲ್ಟನ್ ಇಂಥ ಅನುಪಾತಗಳನ್ನು ವಿವರಿಸಿದ್ದು ಹೀಗೆ.

1973ರಲ್ಲಿ ಟ್ರಿವರ್ಸ್ ಮತ್ತು ವಿಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು, ಮೈಕಟ್ಟು ಚೆನ್ನಾಗಿರುವ ತಾಯಿಗೆ ಗಂಡು ಹೆತ್ತರೆ ಲಾಭ, ಅವಳ ಗಂಡುಮರಿ ಬಲವಾಗಿ ಬೆಳೆದು ಹೆಚ್ಚು ಹೆಣ್ಣುಗಳನ್ನು ಕೂಡಬಲ್ಲದು ಎಂದರು. ಸ್ಕಾಟ್‌ಲೆಂಡಿನ ರಮ್ ದ್ವೀಪದ ಕೆಂಪು ಜಿಂಕೆಗಳಲ್ಲಿ ಅದು ನಿಜವೆಂದು ಕಂಡಿತು. ಜಿಂಕೆಗಳ ಸಂಖ್ಯೆ ಏರಿದ ಮೇಲೆ ಆ ಒಲವು ಕಾಣದಾಯಿತು. ಒಂದೇ ಸಾಕ್ಷ್ಯದ ಮೇಲೆ ದೊಡ್ಡ ನಿಯಮ ಕಟ್ಟಬಾರದೆಂದು ನನಗನ್ನಿಸುವುದು ಇಂಥ ಕಡೆ.

ಹೆಚ್ಚು ಮನಗಾಣಿಸುವ ಉದಾಹರಣೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಒಂದು ಹಾವುರಾಣಿಯದು. ನಮ್ಮಲ್ಲಿ ಅರಣೆ ಎನ್ನುತ್ತೇವಲ್ಲ, ಅದರದೇ ಬಳಗದ ಈ ಜೀವಿ ಮರಿ ಹಾಕುತ್ತದೆ. ಕಡಲಾಮೆಯ ಮೊಟ್ಟೆಯೊಳಗಿನ ಮರಿಯ ಲಿಂಗವನ್ನು ಮರಳಿನ ಬಿಸಿ ನಿರ್ಧರಿಸುವಂತೆ, ಇದರ ಭ್ರೂಣದ ಲಿಂಗದ ಮೇಲೆ ಬಿಸಿಲು ಕಾಯುವ ತಾಯಿಯ ಮೈಬಿಸಿ ಪ್ರಭಾವ ಬೀರಬಲ್ಲದು. ತಗ್ಗಿನ ಪ್ರದೇಶದಲ್ಲಿ ಬೆಚ್ಚಗಿನ ವರ್ಷ ಹೆಣ್ಣುಮರಿಗಳು ಹೆಚ್ಚು. ಅಂಥ ವರ್ಷ ಮರಿಗಳು ಬೇಗ ಹುಟ್ಟುತ್ತವೆ, ಬೇಗ ಹುಟ್ಟಿದ ಹೆಣ್ಣಿಗೆ ಬೆಳೆಯಲು ಕಾಲ ಸಿಗುವುದರಿಂದ ಅದು ಲಾಭವೇ. ಎತ್ತರದ ಬೆಟ್ಟಗಳಲ್ಲಿ ವರ್ಷದಿಂದ ವರ್ಷಕ್ಕೆ ಹವೆ ಬಹಳ ಏರುಪೇರಾಗುತ್ತದೆ, ಬೇಗ ಹುಟ್ಟಿದರೂ ಅಷ್ಟು ಪ್ರಯೋಜನವಿಲ್ಲ. ಲಿಂಗವನ್ನು ಬಿಸಿಗೆ ಒಪ್ಪಿಸಿದರೆ ಒಂದು ವರ್ಷ ಬರೀ ಗಂಡು, ಮತ್ತೊಂದು ವರ್ಷ ಬರೀ ಹೆಣ್ಣು ಹುಟ್ಟುವ ಅಪಾಯವಿರುವ ಆ ಎತ್ತರದಲ್ಲಿ, ಅದೇ ಜಾತಿಯ ಹಾವುರಾಣಿಯ ಮರಿಗಳ ಲಿಂಗಾನುಪಾತ ಹವೆಯೊಂದಿಗೆ ಬದಲಾಗುವುದಿಲ್ಲ.