ಸರ್ಕಾರಿ ಶಾಲೆಗೆ ಜಾಹೀರಾತು ಬಂದ ದಾರಿ, ಅದನ್ನು ತಡೆಯುವ ದಾರಿ

ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆ ರಸ್ತೆಗೆ ಮುಖ ಮಾಡಿದ ಸರ್ಕಾರಿ ಶಾಲೆಯ ಕಾಂಪೌಂಡ್ ಗೋಡೆ ಎಂದರೆ ಸಿಮೆಂಟು, ಬಿತ್ತನೆ ಬೀಜ, ಚೀಟಿ ಕಂಪನಿ, ಟ್ಯೂಷನ್ ಸೆಂಟರ್‌ಗಳಿಗೆ ಬಾಡಿಗೆಯಿಲ್ಲದ ಜಾಗ. ‘ಗೋಡೆಗೆಲ್ಲ ಬಣ್ಣ ಹೊಡೆಸಿಕೊಡ್ತೀವಿ ಸಾರ್, ನಮ್ಮ ಹೆಸರು ಬರ್ಕೊಳ್ತೀವಿ’ ಎಂದಾಗ ಮುಖ್ಯ ಶಿಕ್ಷಕರು ಯಾಕೆ ಒಪ್ಪುತ್ತಾರೆ ಎಂಬುದು ಲೆಕ್ಕ ನೋಡಿದರೆ ತಿಳಿಯುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ಸಿಗುವ ಶಾಲಾ ಅನುದಾನ ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. ಸೀಮೆಸುಣ್ಣ, ಕರೆಂಟು, ಸಣ್ಣಪುಟ್ಟ ರಿಪೇರಿ ಕಳೆದ ಮೇಲೆ ಬಣ್ಣಕ್ಕೆ ಉಳಿಯುವುದು ಅಷ್ಟರಲ್ಲೇ ಇದೆ.

ಶಾಲೆಗೆ ದಾನ ಕೊಡುವುದು ನಮ್ಮ ಕಡೆ ಹೊಸದಲ್ಲ. ಫ್ಯಾನಿನ ರೆಕ್ಕೆಯ ಮೇಲೆ, ಬೀರುವಿನ ಬಾಗಿಲ ಮೇಲೆ ‘ಇವರ ಜ್ಞಾಪಕಾರ್ಥ’ ಎಂದು ಬರೆದಿರುತ್ತದೆ. ಅದರಿಂದ ಯಾವ ಮಗುವೂ ಮನೆಗೆ ಹೋಗಿ ಏನನ್ನೂ ಕೊಡಿಸು ಎಂದು ಹಟ ಮಾಡುವುದಿಲ್ಲ. ನೋಟ್‌ಬುಕ್ಕಿನ ರಕ್ಷಾಪುಟದಲ್ಲಿ ಬಿಸ್ಕತ್ತಿನ ಚಿತ್ರ ಬಂದಾಗ ಕಥೆ ಬೇರೆ. ಅಲ್ಲಿ ಶಾಲೆ ಬೆಲೆಯಾಗಿ ತೆರುವುದು ಮಗುವಿನ ಗಮನ. ಮೇಷ್ಟ್ರು ಕೊಟ್ಟದ್ದೆಲ್ಲ ಒಳ್ಳೆಯದು ಎಂದು ನಂಬುವ ವಯಸ್ಸದು.

ಈ ವ್ಯಾಪಾರ ತೀರ ಬಯಲಾಗಿ ನಡೆದದ್ದು ಅಮೆರಿಕದಲ್ಲಿ. 1990ರಿಂದ ‘ಚಾನೆಲ್ ಒನ್’ ಎಂಬ ಕಂಪನಿ ಶಾಲೆಗಳಿಗೆ ಟಿ.ವಿ., ಡಿಶ್ ಆಂಟೆನಾ ಉಚಿತವಾಗಿ ಬಳಸಲು ಕೊಟ್ಟಿತು. ಬದಲಿಗೆ ದಿನಾ 12 ನಿಮಿಷದ ಕಾರ್ಯಕ್ರಮ ತೋರಿಸಬೇಕಿತ್ತು, ಅದರಲ್ಲಿ 2 ನಿಮಿಷ ಜಾಹೀರಾತು. ಶೇ. 90 ಶಾಲಾ ದಿನಗಳಲ್ಲಿ, ಶೇ. 80 ತರಗತಿಗಳಲ್ಲಿ ಹಾಕಲೇಬೇಕೆಂಬ ಕರಾರು ಬೇರೆ. ಎಡ ಬಲ ಎನ್ನದೆ ಪೋಷಕರು ತಿರುಗಿಬಿದ್ದರು: 1999ರ ಸೆನೆಟ್ ವಿಚಾರಣೆಯಲ್ಲಿ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಮತ್ತು ಕಟ್ಟಾ ಸಂಪ್ರದಾಯವಾದಿ ಫಿಲಿಸ್ ಶ್ಲಾಫ್ಲಿ ಇಬ್ಬರೂ ಅದರ ವಿರುದ್ಧವೇ ಮಾತಾಡಿದರು. ಊರೂರಿನ ಶಾಲಾ ಮಂಡಳಿಗಳಲ್ಲಿ ಹೋರಾಟ ವರ್ಷಗಟ್ಟಲೆ ನಡೆಯಿತು. ಚಾನೆಲ್ ನಿಂತದ್ದು 2018ರಲ್ಲಿ.

ನಮ್ಮಲ್ಲಿ ಕಾನೂನು ತುಂಡುತುಂಡಾಗಿ ಬಂದಿದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ ಶಾಲೆಯಿಂದ 100 ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವುದನ್ನು ನಿಷೇಧಿಸಿತು. 2021ರ ಜುಲೈನಿಂದ ಜಾರಿಯಾದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ, ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯೊಳಗಾಗಲಿ ಗೇಟಿನಿಂದ 50 ಮೀಟರ್‌ವರೆಗಾಗಲಿ ಮಕ್ಕಳಿಗೆ ಮಾರುವಂತಿಲ್ಲ, ಅದರ ಜಾಹೀರಾತೂ ಕೂಡದು. ದೂರು ಕೊಡಬೇಕಾದದ್ದು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ. ಆದರೆ ಚೀಟಿ ಕಂಪನಿ, ಕೋಚಿಂಗ್ ಸೆಂಟರ್, ಕಲಿಕೆಯ ಆ್ಯಪ್ ಇವಕ್ಕೆ ಈ ನಿಯಮ ತಾಗುವುದಿಲ್ಲ.

ಅಲ್ಲಿ ಕೆಲಸಕ್ಕೆ ಬರುವ, ಹೆಚ್ಚು ಜನ ಗಮನಿಸದ ಅಸ್ತ್ರವೊಂದಿದೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದಿತು. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ಎನ್ನುವ ಈ ಹಣ ಶಾಲೆಗಳತ್ತ ಹರಿಯಿತು. 2021ರ ಜನವರಿಯ ತಿದ್ದುಪಡಿ ನಿಯಮದ ಪ್ರಕಾರ, ತನ್ನ ಸರಕಿನ ಪ್ರಚಾರದ ಲಾಭಕ್ಕಾಗಿ ಮಾಡುವ ಪ್ರಾಯೋಜಕತ್ವ ಸಿಎಸ್‌ಆರ್ ಎನಿಸುವುದಿಲ್ಲ. ಸಿಎಸ್‌ಆರ್ ಎಂದು ಹೇಳಿಕೊಂಡು ಬಂದವರ ಮುಂದೆ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದನ್ನಿಟ್ಟರೆ ಲೋಗೊ ಮಾತು ಅಲ್ಲಿಗೇ ನಿಲ್ಲುತ್ತದೆ.

ಎಸ್‌ಡಿಎಂಸಿಗಳು ರಾಜ್ಯದಲ್ಲಿ 2001ರಿಂದ ಇವೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು. ಹೀಗಿದ್ದೂ ಕೆಲಸ ಕೆಡುವುದು ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲಿ: ಬಾಯಿಮಾತಿನಲ್ಲಿ ಒಪ್ಪಿಗೆಯಾಗಿರುತ್ತದೆ, ಜೂನ್‌ನಲ್ಲಿ ಗೇಟು ತೆಗೆದಾಗ ಗೋಡೆ ತುಂಬ ಅಕ್ಷರ. ಕಾಗದವಿಲ್ಲದಿದ್ದರೆ ಯಾರನ್ನು ಕೇಳುವುದು? ಆದ್ದರಿಂದ ದಾನಿ ಬರುವ ಮೊದಲೇ ಸಭೆಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ, ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ನಿರ್ಣಯದಲ್ಲಿ ‘ಜಾಹೀರಾತು ಬೇಡ’ ಎಂದಷ್ಟೇ ಬರೆದರೆ ಸಾಲದು. ದಾನಿಗಳ ಹೆಸರು ವರಾಂಡದ ಒಂದೇ ಫಲಕದಲ್ಲಿ, ಎಲ್ಲರದೂ ಒಂದೇ ಅಳತೆಯ ಅಕ್ಷರದಲ್ಲಿ, ಲೋಗೊ, ಫೋನ್ ನಂಬರ್, ಸರಕಿನ ಹೆಸರು ಇಲ್ಲದೆ ಇರಬೇಕು ಎಂದು ಬಿಡಿಸಿ ಬರೆಯಬೇಕು. ನೋಟ್‌ಬುಕ್ಕಾದರೆ ಅಚ್ಚಿಗೆ ಮೊದಲೇ ರಕ್ಷಾಪುಟದ ಮಾದರಿ ತರಿಸಿ ನೋಡಬೇಕು. ಮಕ್ಕಳ ಕೈಗೆ ಬಂದದ್ದನ್ನು ಕಿತ್ತುಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ಬಂದ ವಸ್ತು ಅದೇ ದಿನ ದಾಸ್ತಾನು ವಹಿಗೆ ಏರಲಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಉಚಿತ ‘ಪ್ರತಿಭಾ ಪರೀಕ್ಷೆ’ಗೆ. ಉತ್ತರ ಪತ್ರಿಕೆಯ ಮೇಲೆ ತಂದೆತಾಯಿಯ ಮೊಬೈಲ್ ನಂಬರ್ ಕೇಳಿರುತ್ತಾರೆ. ಅವರಿಗೆ ಬೇಕಾದದ್ದು ಆ ಪಟ್ಟಿಯೇ. ಆ ಕಾಲಂ ಹೊಡೆದುಹಾಕಿ ಪರೀಕ್ಷೆ ನಡೆಸುತ್ತೀರಾ ಎಂದು ಕೇಳಿ ನೋಡಿ, ಉದ್ದೇಶ ಆಗಲೇ ತಿಳಿಯುತ್ತದೆ.

ಗೋಡೆ ಬರಹ ಈಗಾಗಲೇ ಇದ್ದರೆ ಮೊದಲು ದಿನಾಂಕ ಕಾಣುವಂತೆ ಫೋಟೊ ತೆಗೆಯಬೇಕು. ಮೈಸೂರಿನಲ್ಲಿ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಂತೆ ಇಂಥ ಬರಹಕ್ಕೆ ಪಾಲಿಕೆಯ ಲಿಖಿತ ಅನುಮತಿ ಬೇಕು. ಅನುಮತಿ ಪತ್ರ ತೋರಿಸಿ ಎಂದು ಕೇಳಿದರೆ ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಪಿಡಿಒಗೆ ಅರ್ಜಿ. ಅಳಿಸುವಾಗ ಎನಾಮೆಲ್ ಮೇಲೆ ನೇರ ಸುಣ್ಣ ಬಳಿಯಬಾರದು: ಸುಣ್ಣ ಹಿಡಿಯದೆ ಒಂದೇ ಮಳೆಗಾಲಕ್ಕೆ ಉದುರಿ ಹಳೆಯ ಹೆಸರು ಮತ್ತೆ ಏಳುತ್ತದೆ. ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಒಂದು ಕೋಟು ಪ್ರೈಮರ್, ಒಣಗಿದ ಮೇಲೆ ಎರಡು ಕೋಟು ಬಣ್ಣ ಹೊಡೆಯಬೇಕು. ಆ ಖರ್ಚನ್ನು ಶಾಲಾ ಅನುದಾನದಿಂದ ತೆಗೆಯದೆ, ಬರೆಸಿದವರಿಂದಲೇ ಲಿಖಿತವಾಗಿ ಕೇಳಬೇಕು.