ಬಾಲ್ಸಮ್‌ರೂಟ್: ಬೇಕು ಅನ್ನುವವರಿದ್ದಾರೆ, ಬೀಜವಿಲ್ಲ

ಅಮೆರಿಕದ ಪಶ್ಚಿಮದಲ್ಲಿ, ಸೇಜ್‌ಬ್ರಷ್ ಎಂಬ ಕುರುಚಲು ಗಿಡ ಹಬ್ಬಿದ ಒಣ ಬಯಲಿನಲ್ಲಿ ಬೆಂಕಿ ಆರಿದಾಗಲೆಲ್ಲ ಅದೇ ಜಗ್ಗಾಟ: ಸುಟ್ಟ ನೆಲಕ್ಕೆ ಯಾವ ಬೀಜ ಹಾಕುವುದು? ಸ್ಥಳೀಯ ಹೂಗಿಡವೇ ಬೇಕೆನ್ನುವವರ ಪಟ್ಟಿಯಲ್ಲಿ ಬಾಲ್ಸಮ್‌ರೂಟ್ ಇದ್ದೇ ಇರುತ್ತದೆ. ನಮ್ಮ ಹುಚ್ಚೆಳ್ಳು, ಸೂರ್ಯಕಾಂತಿಯ ಕುಟುಂಬದ್ದೇ ಬಹುವಾರ್ಷಿಕ ಗಿಡ. ಬಾಣದ ಮೊನೆಯಂಥ ಬೂದುಹಸಿರು ಎಲೆ, ವಸಂತದಲ್ಲಿ ಅಂಗೈಯಗಲದ ಹಳದಿ ಹೂ, ಒಂಬತ್ತು ಅಡಿಯವರೆಗೂ ಇಳಿಯುವ ತಾಯಿಬೇರು.

ಮೂಲನಿವಾಸಿಗಳು ಇದರ ಬೇರು, ಚಿಗುರು, ಬೀಜ ಮೂರನ್ನೂ ತಿನ್ನುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ದನಕುರಿಗಳ ಮಂದೆ ಮಿತಿಮೀರಿತು, ಜೊತೆಗೆ ಯುರೇಷಿಯಾದ ಚೀಟ್‌ಗ್ರಾಸ್ ಎಂಬ ಕಳೆಹುಲ್ಲು ಬಂತು. ಸರ್ಕಾರಿ ಭೂಮಿಯಲ್ಲಿ ದನಕುರಿ ಮೇಯಿಸುವುದಕ್ಕೆ ಕಡಿವಾಣ ಹಾಕಿದ 1934ರ ಟೇಲರ್ ಮೇವು ಕಾಯ್ದೆ ಬರುವ ಹೊತ್ತಿಗೆ ನೆಲ ಬಡವಾಗಿತ್ತು. ಆಮೇಲೆ ದಶಕಗಳ ಕಾಲ ಬಿತ್ತಿದ್ದು ಹೆಚ್ಚಾಗಿ ಏಷ್ಯಾದಿಂದ ತಂದ ಕ್ರೆಸ್ಟೆಡ್ ವೀಟ್‌ಗ್ರಾಸ್ ಎಂಬ ಹುಲ್ಲು. ಅಗ್ಗ, ಬೇಗ ಬೇರೂರುತ್ತದೆ, ಮೇವಿಗೂ ಆಗುತ್ತದೆ. 1999ರಲ್ಲಿ ಇದೇ ಪಶ್ಚಿಮದ ಗ್ರೇಟ್ ಬೇಸಿನ್ ಒಣಪ್ರದೇಶದಲ್ಲಿ ಸುಮಾರು 7 ಲಕ್ಷ ಹೆಕ್ಟೇರ್ ಸುಟ್ಟ ಮೇಲೆ ಸ್ಥಳೀಯ ಬೀಜದ ಮಾತು ಗಟ್ಟಿಯಾಯಿತು. 2015ರಲ್ಲಿ ಸ್ಥಳೀಯ ಬೀಜ ಒದಗಿಸಲೆಂದೇ ರಾಷ್ಟ್ರೀಯ ಬೀಜ ಕಾರ್ಯತಂತ್ರವೂ ಬಂತು. ಕಾಗದದ ಮೇಲೆ ಎಲ್ಲರೂ ಒಪ್ಪಿದ್ದಾರೆ.

ಗಂಟು ಇರುವುದು ಬೀಜದಲ್ಲಿ. ಹೂ ಬಿಡುವ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟಿದರೆ ಆ ವರ್ಷದ ಫಸಲು ಹೋಯಿತು. ಉಳಿದದ್ದರಲ್ಲಿ ಹುಳು ತಿಂದು ಟೊಳ್ಳಾದದ್ದೇ ಎಷ್ಟೋ. ಹಿಸುಕಿ ನೋಡದೆ ತೂಕ ನಂಬುವಂತಿಲ್ಲ. ಮಾಗಿದ ಮೇಲೆ ಕಾಯಲೂ ಬಾರದು, ಉದುರಿಬಿಡುತ್ತದೆ. ಗ್ರಾಂಗೆ ಸುಮಾರು 120 ಬೀಜ. ಒದ್ದೆ ಮರಳಲ್ಲಿ 0ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ತಿಂಗಳು ಇಡದಿದ್ದರೆ ಮೊಳಕೆ ಬಾರದು. ಅದಕ್ಕೇ ಹೊಲದಲ್ಲಿ ಚಳಿಗಾಲಕ್ಕೆ ಮುಂಚೆ, ಕಾಲಿಂಚಿನಿಂದ ಅರ್ಧ ಇಂಚು ಆಳಕ್ಕೆ ಬಿತ್ತುವುದು. ಆಳ ಹೆಚ್ಚಾದರೆ ಮೊಳಕೆ ಮೇಲೆ ಬಾರದು, ಮೇಲೆಯೇ ಬಿಟ್ಟರೆ ಹಕ್ಕಿ, ಇಲಿಗಳ ಪಾಲು. ಹುಟ್ಟಿದ ಸಸಿ ಮೊದಲ ವರ್ಷ ಬೇರಿಗೇ ದುಡಿಯುತ್ತದೆ, ಮೇಲೆ ಎರಡು ಮೂರು ಎಲೆಯಷ್ಟೇ. ಕಿತ್ತು ನೆಡೋಣವೆಂದರೆ ತಾಯಿಬೇರು ತುಂಡಾಗುತ್ತದೆ. ಮೊದಲ ಹೂವಿಗೆ ಕಡಿಮೆಯೆಂದರೂ ಮೂರು ನಾಲ್ಕು ವರ್ಷ, ಕೆಲವೆಡೆ ಏಳೆಂಟು. ಅಷ್ಟು ವರ್ಷ ಹೊಲ ಕಟ್ಟಿಹಾಕಿ ಕಳೆ ಕೀಳಲು ಯಾವ ಬೀಜ ಬೆಳೆಗಾರ ಒಪ್ಪುತ್ತಾನೆ, ಕೊಳ್ಳುವವರ ಖಾತ್ರಿಯೇ ಇಲ್ಲದೆ?

ಬೆಂಕಿ ಬೀಳುವುದು ಜುಲೈ, ಆಗಸ್ಟ್‌ನಲ್ಲಿ. ಬಿತ್ತನೆ ಅದೇ ಶರತ್ಕಾಲದಲ್ಲಿ. ಗೋದಾಮಿನಲ್ಲಿ ಇದ್ದದ್ದೇ ಹೊಲಕ್ಕೆ ಹೋಗುತ್ತದೆ, ಇರುವುದು ಹೆಚ್ಚಾಗಿ ಹುಲ್ಲು. ಇತ್ತ ಚೀಟ್‌ಗ್ರಾಸ್ ಶರತ್ಕಾಲದ ಮಳೆಗೇ ಮೊಳೆತು, ವಸಂತದ ತೇವವನ್ನು ಮೊದಲೇ ಹೀರಿಬಿಟ್ಟಿರುತ್ತದೆ.

ವಿಚಿತ್ರವೆಂದರೆ ಬಲಿತ ಬಾಲ್ಸಮ್‌ರೂಟ್‌ಗೆ ಬೆಂಕಿಯ ಭಯ ಕಡಿಮೆ. ಎಲೆ ಸುಟ್ಟರೂ ಮಣ್ಣಿನ ಮಟ್ಟದ ದಪ್ಪ ಬುಡದಿಂದ ಮತ್ತೆ ಚಿಗುರುತ್ತದೆ. ಎರಡು ಹಂಗಾಮು ದನಕುರಿ ಬಿಡದಿದ್ದರೆ ಸಾಕು, ಅಲ್ಲಿ ಬೀಜವೇ ಬೇಡ. ಆದರೆ ಬೂದಿಯಲ್ಲಿ ಆ ಕಪ್ಪು ಬುಡ ಕಣ್ಣಿಗೆ ಬೀಳುವುದಿಲ್ಲ. ನಡೆದು ಹುಡುಕಿ ಗೂಟ ನೆಟ್ಟು ಗುರುತು ಮಾಡದಿದ್ದರೆ, ಬಿತ್ತನೆ ಯಂತ್ರದ ಮಣ್ಣು ಸೀಳುವ ತಟ್ಟೆ ಅದರ ಮೇಲೆಯೇ ಹರಿಯುತ್ತದೆ.