ಕಟಿಂಗ್ ಅಂಗಡಿಯ ಕುರ್ಚಿ: ತೊಂಬತ್ತು ವರ್ಷಗಳ ಒಂದು ವಾದ

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕಟಿಂಗ್ ಅಂಗಡಿ, ಹೋಟೆಲ್‌ಗಳಲ್ಲಿ ದಲಿತರನ್ನು ಒಳಗೆ ಬಿಡುವ ವಿಚಾರಕ್ಕೆ ಊರಲ್ಲಿ ಅದಾಗಲೇ ಜಗಳ ಹೊಗೆಯಾಡುತ್ತಿತ್ತು. ಹತ್ತು ವರ್ಷ ಕಳೆದು, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟ್‌ನ ಧಾರವಾಡ ಪೀಠದಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಈ ತೀರ್ಪಿಗೆ ಎರಡು ತಿಂಗಳ ಮೊದಲು ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರಕ್ಕೆಂದು ಹೋದ ದಲಿತ ಯುವಕ ಕತ್ತರಿ ಇರಿತಕ್ಕೆ ಬಲಿಯಾಗಿದ್ದ.

ಕಾನೂನಿನಿಂದ ಮನಸ್ಸು ಬದಲಾಗದು ಎನ್ನುವವರೂ, ಕಾನೂನಿಲ್ಲದೆ ಏನೂ ಬದಲಾಗದು ಎನ್ನುವವರೂ ಈ ಎರಡು ಊರನ್ನೇ ಎತ್ತಿ ತೋರಿಸುತ್ತಾರೆ. ನಮ್ಮ ಸೀಮೆಗೆ ಈ ವಾದ ಹೊಸದಲ್ಲ.

1932ರಲ್ಲಿ ಸಂಡೂರು ಸಂಸ್ಥಾನ ಕುಮಾರಸ್ವಾಮಿ ಗುಡಿಯ ಬಾಗಿಲನ್ನು ದಲಿತರಿಗೆ ತೆರೆಯಿತು. ಮೇಲ್ಜಾತಿಯವರು ತಾವಾಗಿ ಬದಲಾಗಬೇಕು, ಗುಡಿಯ ಬಾಗಿಲಿನಿಂದಲೇ ಅದು ಶುರುವಾಗಲಿ ಎಂಬುದು ಗಾಂಧೀಜಿಯ ದಾರಿ. ಅದೇ ವರ್ಷದ ನವೆಂಬರ್‌ನಲ್ಲಿ ಅಂಬೇಡ್ಕರ್ ಅವರು ಗಾಂಧೀಜಿಯ ಅಸ್ಪೃಶ್ಯತಾ ವಿರೋಧಿ ಸಂಘದ (ಮುಂದಿನ ಹರಿಜನ ಸೇವಕ ಸಂಘ) ಕಾರ್ಯದರ್ಶಿ ಎ.ವಿ. ಠಕ್ಕರ್ ಅವರಿಗೆ ಬರೆದ ಪತ್ರದ ದಾರಿ ಬೇರೆ. ಮೊದಲು ಊರ ಬಾವಿ, ಶಾಲೆ, ಚಾವಡಿ, ವಾಹನಗಳಲ್ಲಿ ನಾಗರಿಕ ಹಕ್ಕು ಸಿಗಬೇಕು, ಅದಕ್ಕೆ ಹಳ್ಳಿಹಳ್ಳಿಯಲ್ಲಿ ಪಟ್ಟು ಹಿಡಿದು ಹೋರಾಡಬೇಕು ಎಂದರು ಅವರು. ಘರ್ಷಣೆ ಆಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

ತುಂಗಭದ್ರೆಯ ಎರಡು ದಂಡೆಗೆ ಆಗ ಎರಡು ಸರ್ಕಾರ. ದಕ್ಷಿಣಕ್ಕೆ ಬಳ್ಳಾರಿ, ಹೊಸಪೇಟೆ ಮದ್ರಾಸಿಗೆ ಸೇರಿದ್ದವು. ಅಲ್ಲಿ 1938ರಲ್ಲೇ ನಾಗರಿಕ ನಿರ್ಬಂಧ ನಿವಾರಣಾ ಕಾಯ್ದೆ ಬಂತು. ಉತ್ತರಕ್ಕೆ ಕೊಪ್ಪಳ, ರಾಯಚೂರು ನಿಜಾಮನ ಸೀಮೆ. ಅಲ್ಲಿ ಅಂಥದ್ದೇ ನಿಯಮ ಬಂದದ್ದು ಆ ಸೀಮೆಯ ಫಸಲಿ ವರ್ಷದ ಲೆಕ್ಕದಲ್ಲಿ 1358ರಲ್ಲಿ, ಅಂದರೆ 1948-49ರಲ್ಲಿ. ಹೊಳೆ ದಾಟಿದರೆ ಹತ್ತು ವರ್ಷ ಹಿಂದಕ್ಕೆ ಹೋದಂತೆ. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಎರಡನ್ನೂ ರದ್ದು ಮಾಡಿ ದೇಶಕ್ಕೆಲ್ಲ ಒಂದೇ ನಿಯಮ ತಂದಿತು. 1976ರ ತಿದ್ದುಪಡಿಯಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಬಂತು.

ಈ ಕಾಯ್ದೆಯಲ್ಲಿ ‘ಅಂಗಡಿ’ ಎಂದರೆ ಏನು ಎಂಬಲ್ಲಿ ಕ್ಷೌರದಂಗಡಿ, ಲಾಂಡ್ರಿ ಎರಡನ್ನೂ ಹೆಸರು ಹಿಡಿದು ಬರೆದಿದ್ದಾರೆ. ಹೋಟೆಲ್‌ನ ಪಾತ್ರೆಪಗಡೆ ಬಳಸುವ ಹಕ್ಕೂ ಅದರಲ್ಲಿದೆ. ಚಪ್ಪರದ ಸಂದಿಯಲ್ಲಿ ಬೇರೆ ಲೋಟ ಸಿಕ್ಕಿಸಿಡುವುದು, ಚಹಾ ಕುಡಿದವರೇ ಅದನ್ನು ತೊಳೆದಿಡುವುದು ಅಪರಾಧವೆಂದು ಈಗ ಎಲ್ಲರಿಗೂ ಗೊತ್ತು. ಹಾಗಾಗಿ ಕೆಲವೆಡೆ ಪ್ಲಾಸ್ಟಿಕ್ ಕಪ್ ಬಂದಿದೆ: ದಲಿತರಿಗೆ ಅದು, ಉಳಿದವರಿಗೆ ಸ್ಟೀಲ್ ಲೋಟ. ಶಿಕ್ಷೆ ಮಾತ್ರ ಒಂದರಿಂದ ಆರು ತಿಂಗಳು, ದಂಡ 100ರಿಂದ 500 ರೂಪಾಯಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಹೆಚ್ಚು ಬಿಗಿ. ಅಂಗಡಿಗೆ ಬಿಡದಿರುವುದು, ಸಾಮಾಜಿಕ ಬಹಿಷ್ಕಾರ ಎರಡಕ್ಕೂ ಅದರಲ್ಲಿ ಆರು ತಿಂಗಳಿಂದ ಐದು ವರ್ಷ.

ಹೊರದೇಶದ ವರ್ಣಭೇದದ ಚರ್ಚೆಗೂ ಇದಕ್ಕೂ ನಂಟಿದೆ. 2001ರಲ್ಲಿ ಡರ್ಬನ್‌ನ ವಿಶ್ವಸಂಸ್ಥೆ ಸಮ್ಮೇಳನದಲ್ಲಿ ಜಾತಿಯ ವಿಷಯ ಸೇರಿಸುವುದಕ್ಕೆ ಭಾರತ ಸರ್ಕಾರ ಒಪ್ಪಲಿಲ್ಲ, ದಲಿತ ಸಂಘಟನೆಗಳು ಪಟ್ಟು ಬಿಡಲಿಲ್ಲ.

ಕೇಸು ಬಿದ್ದುಹೋಗುವುದು ಹೆಚ್ಚಾಗಿ ದೂರು ಬರೆಯುವಾಗಲೇ. ‘ಜಾತಿ ಎತ್ತಿ ಬೈದರು’ ಎಂದಷ್ಟೇ ಬರೆದು, ಕಟಿಂಗ್ ಮಾಡಲಿಲ್ಲ ಎಂಬ ಮೂಲ ಸಂಗತಿಯನ್ನೇ ಬಿಟ್ಟಿರುತ್ತಾರೆ. ಯಾವ ಅಂಗಡಿ, ಎಷ್ಟು ಗಂಟೆ, ಆಡಿದ ಮಾತು ಯಾವುದು, ತನ್ನ ನಂತರ ಬಂದು ಕುರ್ಚಿ ಹತ್ತಿದವರು ಯಾರು, ನೋಡಿದವರು ಯಾರು ಎಂಬುದೆಲ್ಲ ಅದರಲ್ಲಿ ಇರಬೇಕು. ಬೈಗುಳವಾದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು ದೌರ್ಜನ್ಯ ತಡೆ ಕಾಯ್ದೆಯ 2018ರ ತಿದ್ದುಪಡಿ ಸ್ಪಷ್ಟ ಮಾಡಿದೆ. ತನಿಖೆ ಮಾಡುವವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಬಾರದು, 60 ದಿನದಲ್ಲಿ ಅದು ಮುಗಿಯಬೇಕು. ಆರೋಪಿಯೂ ಪರಿಶಿಷ್ಟನಾಗಿದ್ದರೆ ಈ ಕಾಯ್ದೆ ಅನ್ವಯಿಸದು. ಮರಕುಂಬಿಯ ಆ ಮೂವರಿಗೆ ಶಿಕ್ಷೆ ಕಡಿಮೆಯಾದದ್ದು ಇದೇ ಕಾರಣಕ್ಕೆ.

ದೂರಿನ ಬೆನ್ನಿಗೇ ತಹಶೀಲ್ದಾರ್, ಪೊಲೀಸರ ಶಾಂತಿ ಸಭೆ. ಹಿರಿಯರು ತಲೆಯಾಡಿಸುತ್ತಾರೆ, ಅಧಿಕಾರಿಗಳ ಎದುರು ಒಬ್ಬಿಬ್ಬರಿಗೆ ಕಟಿಂಗ್ ಆಗುತ್ತದೆ, ಫೋಟೊ ತೆಗೆಯುತ್ತಾರೆ. ಆಮೇಲೆ ಷಟರ್ ಕೆಳಗೆ. ಅಂಗಡಿ ಎಲ್ಲರಿಗೂ ಮುಚ್ಚಿದರೆ ಭೇದ ಮಾಡಿದ್ದಾರೆಂದು ರುಜುವಾತು ಮಾಡುವುದು ಕಷ್ಟ. ಉಳ್ಳವರ ಮನೆಗೇ ಹೋಗಿ ಕ್ಷೌರ ನಡೆಯುತ್ತದೆ, ದಲಿತರು ಬಸ್ಸು ಹತ್ತಿ ಗಂಗಾವತಿಗೋ ಕುಷ್ಟಗಿಗೋ ಹೋಗುತ್ತಾರೆ. ಅಂಗಡಿಯವನೂ ಹಿಂದುಳಿದ ಜಾತಿಯ ಬಡವನೇ, ಊರ ದೊಡ್ಡವರನ್ನು ಎದುರು ಹಾಕಿಕೊಂಡು ಅವನು ಬದುಕಲಾರ. 2020ರಲ್ಲಿ ಸರ್ಕಾರಿ ಕ್ಷೌರದಂಗಡಿ ತೆರೆಯುವ ಮಾತು ಬಂದಾಗ ಕೆಲವರು ಮೆಚ್ಚಿದರು. ಅದು ದಲಿತರಿಗಷ್ಟೇ ಎಂಬ ಬೇರೆ ಅಂಗಡಿ ಆದೀತು ಎಂಬ ಆಕ್ಷೇಪವೂ ಎದ್ದಿತು. ನಮಗೆ ಆಕ್ಷೇಪವೇ ಸರಿ ಕಾಣುತ್ತದೆ, ಊರಿಗೆಲ್ಲ ಅದೊಂದೇ ಅಂಗಡಿ ಆದರೆ ಮಾತು ಬೇರೆ.

ಮನವೊಲಿಕೆ ಬೇಡವೆನ್ನುತ್ತಿಲ್ಲ. ಆದರೆ ಸೋಲುವ ಜಾಗ ಮನಸ್ಸಲ್ಲ, ಕೂಲಿ. ಭತ್ತದ ನಾಟಿ ಸಮಯದಲ್ಲಿ ದೂರು ಕೊಟ್ಟವರ ಮನೆಯ ಹೆಂಗಸರನ್ನು ಗದ್ದೆಗೆ ಕರೆಯದಿದ್ದರೆ ಸಾಕು, ಸಾಕ್ಷಿ ಹೇಳಬೇಕಾದವರು ಬಾಯಿ ಬಿಡುವುದಿಲ್ಲ. ಸಾಕ್ಷಿಗಳಿಗೆ ಪ್ರಯಾಣ ಮತ್ತು ನಿರ್ವಹಣೆಯ ವೆಚ್ಚ ಕೊಡಬೇಕೆಂದು ಕಾಯ್ದೆಯ 15ಎ ಕಲಮು ಹೇಳುತ್ತದೆ. ಸಂತ್ರಸ್ತರಿಗೆ ಏಳು ದಿನದೊಳಗೆ ತಕ್ಷಣದ ಪರಿಹಾರ ಕೊಡುವ ಜವಾಬ್ದಾರಿ ಜಿಲ್ಲಾಡಳಿತದ್ದು. ದೂರಿನ ಜೊತೆಗೇ ಈ ಎರಡನ್ನೂ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಉದ್ಯೋಗ ಖಾತ್ರಿ ಕೆಲಸಕ್ಕೂ ಅವತ್ತೇ ಅರ್ಜಿ ಹಾಕಬೇಕು, ಏಕೆಂದರೆ ಗದ್ದೆಯ ಕೂಲಿ ಮರುದಿನದಿಂದಲೇ ನಿಲ್ಲುತ್ತದೆ.